ವರಣಧರ್ಮವೋ, ವಂಶಧರ್ಮವೋ?

ಪಾರ್ಸಿಗಳು ಅಗ್ನಿಪೂಜಕರೆಂಬ ಒಂದೇ ಮಾತಿನಿಂದ ಜರತುಷ್ಟ್ರನ ಮತವನ್ನು ಬಲ್ಲೆವೆಂದು ತೃಪ್ತರಾಗುವವರು ಬಹುಮಂದಿ. ಆ ಮತವು ಜನ್ಮದಿಂದ ಮಾತ್ರ ಬರತಕ್ಕ ಸೊತ್ತೆಂದು ಸಾಧಿಸುವವರೂ ಉಂಟು. ಮೊದಲನೆಯದು ಹೊರಗಿನವರ ಅಜ್ಞಾನ. ಎರಡನೆಯದು ಒಳಗಿನವರೇ ಕಟ್ಟಿಕೊಂಡ ಬೇಲಿ. ಅಜ್ಞಾನವು ಓದಿನಿಂದ ತೊಲಗೀತು. ಬೇಲಿಯಾದರೋ ಮತದ ತಿರುಳನ್ನೇ ಅದುಮುತ್ತಿರುವುದು.

ಆ ತಿರುಳು ಯಾವುದು? ಜರತುಷ್ಟ್ರನವೆಂದು ಪರಂಪರೆಯು ಹೇಳುವ ೧೭ ಗಾಥೆಗಳಲ್ಲಿ ಪೂಜಾವಿಧಿಯ ವಿಸ್ತಾರವಿಲ್ಲ; ವಿವೇಚಿಸಿ ಆರಿಸಿಕೊಳ್ಳಿರೆಂಬ ಕರೆಯುಂಟು. ಜಗತ್ತಿನಲ್ಲಿ ‘ಅಷ’ವೂ ‘ದ್ರುಜ್’ ಎಂಬುದೂ ಇದಿರುಬದಿರಾಗಿ ನಿಂತಿವೆ. ಅಷವೆಂದರೆ ಸತ್ಯ, ವಿಶ್ವನಿಯಮ. ವೇದದ ‘ಋತ’ದ ಒಡಹುಟ್ಟು. ದ್ರುಜ್ ಎಂದರೆ ಅನೃತ. ಸಂಸ್ಕೃತದ ‘ದ್ರೋಹ’ದ ನಂಟು. ಕಿವಿಗೊಟ್ಟು ಕೇಳಿ, ತಿಳಿಯಾದ ಮನಸ್ಸಿನಿಂದ ವಿಚಾರಿಸಿ, ಒಬ್ಬೊಬ್ಬರೂ ತಮಗಾಗಿ ತಾವೇ ವರಿಸಬೇಕೆಂಬುದು ಯಸ್ನದ ೩೦ನೆಯ ಅಧ್ಯಾಯದ ಅಭಿಪ್ರಾಯ. ೪೬ನೆಯ ಅಧ್ಯಾಯವು ಪುರುಷನನ್ನೂ ಸ್ತ್ರೀಯನ್ನೂ ಜೊತೆಯಾಗಿಯೇ ಹೆಸರಿಸುವುದು. ಶ್ರದ್ಧಾವಚನದ ಹೆಸರು ‘ಫ್ರವರಾನೆ’. ಅದರ ಧಾತುವಿಗೆ ವರಿಸುವುದೆಂದೇ ಅರ್ಥ. ಹುಮತ, ಹೂಖ್ತ, ಹ್ವರ್ಷ್ಟ, ಎಂದರೆ ಸದ್ವಿಚಾರ, ಸದ್ವಚನ, ಸತ್ಕರ್ಮ, ಇವು ಆ ವರಣದ ದಿನದಿನದ ನಡೆ. ಉಪವಾಸದಿಂದ ದೇಹವನ್ನು ದಂಡಿಸುವುದು ಇಲ್ಲಿ ಪುಣ್ಯವಲ್ಲ. ಧಾನ್ಯವನ್ನು ಬಿತ್ತುವವನು ಅಷವನ್ನೇ ಬಿತ್ತುವನೆಂದು ವೆಂದಿದಾದ್ ಸಾರುವುದು.

ಇಂತಹ ಮತಕ್ಕೆ ವಂಶಾವಳಿಯ ಗಡಿ ಹೇಗೆ ಬಂದಿತು? ರತನ್‌ಜಿ ದಾದಾಭಾಯಿ ಟಾಟಾ ಅವರ ಫ್ರೆಂಚ್ ಪತ್ನಿಗೆ ದೀಕ್ಷೆಯಾದ ಮೇಲೆ ಎದ್ದ ವ್ಯಾಜ್ಯದಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ೧೯೦೮ರಲ್ಲಿ ತೀರ್ಪನ್ನಿತ್ತಿತು. ಪರಧರ್ಮೀಯರನ್ನು ಸೇರಿಸಿಕೊಳ್ಳುವುದು ಮತಕ್ಕೆ ಸಮ್ಮತವೆಂದು ಒಪ್ಪಿಯೂ, ಪಾರ್ಸಿ ಧರ್ಮನಿಧಿಗಳ ಪ್ರಯೋಜನವು ಅವರಿಗೆ ಸಲ್ಲದೆಂದು ನ್ಯಾಯಮೂರ್ತಿಗಳು ನಿರ್ಣಯಿಸಿದರು. ನ್ಯಾಯಮೂರ್ತಿ ದಾವರ್ ಅವರ ವ್ಯಾಖ್ಯೆಯಲ್ಲಿ ತಂದೆ ಪಾರ್ಸಿಯಾಗಿ ತಾಯಿ ಅನ್ಯಳಾದ ಮಕ್ಕಳಿಗೆ ಎಡೆಯುಂಟು. ತಾಯಿ ಮಾತ್ರ ಪಾರ್ಸಿಯಾದ ಮಕ್ಕಳಿಗೆ ಇಲ್ಲ. ನಿಧಿಯ ಹಕ್ಕನ್ನು ಕುರಿತ ಈ ಮಾತನ್ನು ಧರ್ಮದ ಮಾತೆಂದು ಹಿಡಿದವರು ನ್ಯಾಯಾಲಯಕ್ಕೂ ಅನ್ಯಾಯ ಮಾಡಿದರು, ಗಾಥೆಗಳಿಗೂ ಅನ್ಯಾಯ ಮಾಡಿದರು.

ಬೇಲಿಯಿಲ್ಲದೆ ಸಣ್ಣ ಕುಲವೊಂದು ಉಳಿಯಲಾರದೆಂಬುದು ಪ್ರತಿಪಕ್ಷದವರ ಮುಖ್ಯವಾದ ವಾದ. ಅದನ್ನು ಹಗುರಾಗಿ ತಳ್ಳಲಾಗದು; ದೇಶಾಂತರ ಬಂದು ಶತಮಾನಗಳ ಕಾಲ ಅಗ್ನಿಯನ್ನು ಆರದಂತೆ ಕಾಯ್ದವರ ಭಯವದು. ಆದರೆ ೧೯೪೧ರ ಜನಗಣತಿಯಲ್ಲಿ ಅವಿಭಕ್ತ ಭಾರತದ ಪಾರ್ಸಿಗಳು ೧,೧೪,೮೯೦ ಮಂದಿ. ೨೦೧೧ರಲ್ಲಿ ಭಾರತದಲ್ಲಿ ೫೭,೨೬೪. ದೇಶವಿಭಾಗ, ವಲಸೆ, ತಡವಾದ ವಿವಾಹ, ವಿರಳವಾದ ಸಂತಾನ ಇವೆಲ್ಲವೂ ಕಾರಣಗಳೆಂಬುದು ದಿಟ. ಬೇಲಿಯು ಇವುಗಳಲ್ಲಿ ಒಂದನ್ನಾದರೂ ತಡೆಯಿತೆ?

ಕುಲವನ್ನು ಕಾಯುವುದು ದೋಷವಲ್ಲ. ಕುಲದ ಕಟ್ಟಳೆಯನ್ನು ಪ್ರವಾದಿಯ ಅಪ್ಪಣೆಯೆಂದು ಸಾರುವುದು ದೋಷ. ಏಕೆಂದರೆ ಅದು ನಿಜವಲ್ಲ, ನಿಜವಲ್ಲದುದನ್ನು ಬಿಡುವುದೇ ಆ ಮತದ ಮೊದಲ ಪಾಠ. ನಿಧಿಗೆ ವಾರಸುದಾರರು ಹುಟ್ಟಿನಿಂದ ದೊರೆತಾರು; ಅಷಕ್ಕೆ ಬೇಕಾದವರು ಅದನ್ನು ವರಿಸಿದವರು.