ವಾರಂಟಿಯೆಂಬ ವಾಗ್ದಾನ

ಸರಕನ್ನು ಮಾರುವವನು ಅದರೊಡನೆ ಒಂದು ವರುಷದ ವಾರಂಟಿಯನ್ನು ಕೊಡುತ್ತಾನೆಂದರೆ, ಅವನು ಎರಡು ವಸ್ತುಗಳನ್ನು ಮಾರಿದಂತಾಯಿತು. ಒಂದು, ಕೈಯಲ್ಲಿ ಹಿಡಿದು ನೋಡತಕ್ಕ ಯಂತ್ರ. ಇನ್ನೊಂದು, ಆ ಯಂತ್ರವು ತಾನಾಗಿ ಕೆಟ್ಟರೆ ನೆಟ್ಟಗೆ ಮಾಡಿಕೊಡುವೆನೆಂಬ ಮಾತು. ಎರಡಕ್ಕೂ ಗಿರಾಕಿಯು ಬೆಲೆ ತೆತ್ತಿರುತ್ತಾನೆ. ಆದಕಾರಣ ವಾರಂಟಿಯಲ್ಲಿ ಮಾಡಿಕೊಡುವ ರಿಪೇರಿಯು ಉಪಕಾರವಲ್ಲ. ಅದು ಕೊಂಡವನಿಗೆ ಸಲ್ಲತಕ್ಕ ಬಾಕಿ. ಈ ಸಂಗತಿಯನ್ನು ನಮ್ಮ ಪೂರ್ವವಿದ್ಯಾರ್ಥಿನಿಯರೂ ಪೋಷಕ ಮಹಾಶಯರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ.

2020 ಮತ್ತು 2021ನೆಯ ಇಸವಿಗಳಲ್ಲಿ ಶಾಲೆಗಳ ಬಾಗಿಲು ಮುಚ್ಚಿ ಪಾಠಗಳು ಮನೆಗೆ ಬಂದ ಕಾಲವನ್ನು ಯಾರೂ ಮರೆತಿರಲಾರರು. ಅದುವರೆಗೆ ಆಫೀಸಿನ ಸಾಮಾನೆಂದು ಎಣಿಸಲ್ಪಟ್ಟಿದ್ದ ಲ್ಯಾಪ್‌ಟಾಪು ಆ ಮೇಲೆ ಎಷ್ಟೋ ಸಾಧಾರಣ ಮನೆಗಳನ್ನು ಹೊಕ್ಕಿತು. ಹಿಂದಿನ ತಾಯಂದಿರು ಹೊಲಿಗೆಯ ಯಂತ್ರವನ್ನು ಕಂತಿನ ಮೇಲೆ ಕೊಂಡಂತೆ ಈಗಿನವರು ಇದನ್ನು ಕೊಳ್ಳುತ್ತಾರೆ. ಉಳ್ಳವರ ಮನೆಯಲ್ಲಿ ಒಂದು ಕೆಟ್ಟರೆ ಇನ್ನೊಂದು ಬಂದೀತು. ಕಂತು ಕಟ್ಟುವವರ ಮನೆಯಲ್ಲಿ ಅದು ಕೆಟ್ಟರೆ ಮಗಳ ವಿದ್ಯೆಯೇ ನಿಲ್ಲುವುದು. ಕಂತು ಮಾತ್ರ ನಿಲ್ಲದು.

ನಮ್ಮ ಶಾಲೆಯಿಂದ ತೇರ್ಗಡೆಯಾಗಿ ಡಿಪ್ಲೊಮಾ ಓದುತ್ತಿರುವ ಒಬ್ಬ ಹುಡುಗಿಯ ತಾಯಿ ಕಳೆದ ವರುಷ ನನ್ನ ಬಳಿಗೆ ಬಂದರು. ಬಟ್ಟೆ ಹೊಲಿದು ಸಂಸಾರ ಸಾಗಿಸುವ ಆಕೆ ಮಗಳಿಗೆ ಕೊಡಿಸಿದ ಲ್ಯಾಪ್‌ಟಾಪಿನ ಪರದೆಯ ಮೇಲೆ ಐದನೆಯ ತಿಂಗಳಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಹಸುರು ಗೆರೆ ಮೂಡಿತು. ವಾರದೊಳಗೆ ಗೆರೆಗಳು ನಾಲ್ಕಾದವು. ಸರ್ವಿಸ್ ಸೆಂಟರಿನವರು ಯಂತ್ರವನ್ನು ಹತ್ತು ದಿನ ಇಟ್ಟುಕೊಂಡು, ಇದು ಹೊರಗಿನ ಪೆಟ್ಟಿನಿಂದ ಆದ ಹಾನಿ, ವಾರಂಟಿಗೆ ಸಲ್ಲದು ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದುಕೊಟ್ಟರು. ಹೊಸ ಪರದೆಗೆ ಕೊಂಡ ಬೆಲೆಯ ಮೂರರಲ್ಲೊಂದು ಪಾಲನ್ನು ಕೇಳಿದರು. ಆಕೆಯ ಕೋರಿಕೆಯ ಮೇರೆಗೆ ನಾನೂ ಜೊತೆಯಲ್ಲಿ ಹೋಗಿ, "ಪೆಟ್ಟಿನ ಗುರುತು ಎಲ್ಲಿದೆ, ತೋರಿಸಿರಿ" ಎಂದು ಕೇಳಿದೆನು. ಗಾಜಿನಲ್ಲಿ ಬಿರುಕಿರಲಿಲ್ಲ, ಮೂಲೆಯಲ್ಲಿ ನಗ್ಗು ಇರಲಿಲ್ಲ. ಅಲ್ಲಿ ಕುಳಿತಿದ್ದ ಯುವತಿಯು ಮರ್ಯಾದೆಯಿಂದಲೇ, "ಮೇಡಂ, ಒಳಗಿನಿಂದ ರಿಪೋರ್ಟು ಹಾಗೆಯೇ ಬಂದಿದೆ, ನಾವೇನೂ ಮಾಡುವ ಹಾಗಿಲ್ಲ" ಎಂದಳು. ಈ ವಿಷಯವು ಈಗ ಗ್ರಾಹಕರ ಆಯೋಗದ ಮುಂದಿದೆ. ತೀರ್ಪು ಬರುವ ಮುಂಚೆ ಕಂಪನಿಯ ಹೆಸರೆತ್ತುವುದು ನ್ಯಾಯವಲ್ಲವಾದ್ದರಿಂದ ಎತ್ತುವುದಿಲ್ಲ. ಆದರೆ ಆ ಒಂದು ಸಾಲಿನ ಉತ್ತರವು ನ್ಯಾಯವಾದ ಉತ್ತರವೇ ಎಂಬುದನ್ನು ವಿಚಾರಿಸಲು ತೀರ್ಪಿಗಾಗಿ ಕಾಯಬೇಕಾಗಿಲ್ಲ.

ಈ ಪರದೆಯ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ. 1,920 ಅಡ್ಡಕ್ಕೂ 1,080 ಉದ್ದಕ್ಕೂ ಇರುವ ಸಾಧಾರಣ ಪರದೆಯಲ್ಲಿ 20,73,600 ಚುಕ್ಕಿಗಳಿರುತ್ತವೆ. ಪ್ರತಿ ಚುಕ್ಕಿಯಲ್ಲಿಯೂ ಕೆಂಪು, ಹಸುರು, ನೀಲಿಯೆಂಬ ಮೂರು ಭಾಗಗಳು. ಇವುಗಳಿಗೆ ಅಪ್ಪಣೆ ಒಯ್ಯುವ ಸೂಕ್ಷ್ಮ ತಂತುಗಳನ್ನು ಗಾಜಿನ ಅಂಚಿಗೆ ಅಂಟಿಸಿರುತ್ತಾರೆ. ಆ ಅಂಟು ಬಿಟ್ಟರೆ ಪರದೆಯ ಮೇಲೆ ನೆಟ್ಟಗಿನ ಗೆರೆಗಳು ಕಾಣುವುವು. ಅದಕ್ಕೆ ಪೆಟ್ಟು ಬೀಳಲೇಬೇಕೆಂದಿಲ್ಲ. ಪೆಟ್ಟು ಬಿದ್ದ ಗಾಜಾದರೋ ಸಾಮಾನ್ಯವಾಗಿ ಒಂದು ಬಿಂದುವಿನಿಂದ ಜೇಡನ ಬಲೆಯಂತೆ ಸೀಳುತ್ತದೆ, ಸುತ್ತಲೂ ಮಸಿ ಚೆಲ್ಲಿದಂತೆ ಕಪ್ಪಾಗುತ್ತದೆ. ಇದಲ್ಲದೆ ಯಂತ್ರದಿಂದ ಪರದೆಗೆ ಹೋಗುವ ತೆಳುವಾದ ಪಟ್ಟಿಯು ಕೀಲಿನ ಮೂಲಕ ಹಾದುಹೋಗುವುದರಿಂದ, ತೆರೆದು ಮುಚ್ಚುವಾಗಲೆಲ್ಲ ಬಾಗುತ್ತದೆ. ಅದು ಸವೆದರೆ ದೋಷವು ಯಾರದು? ತೆರೆಯದೆ ಮುಚ್ಚದೆ ಉಪಯೋಗಿಸಲು ಲ್ಯಾಪ್‌ಟಾಪೇನು ಗೋಡೆಯ ಚಿತ್ರಪಟವೇ?

ಇದು ಊಹೆಯ ಮಾತಲ್ಲ. ಆಪಲ್ ಕಂಪನಿಯು 2016ರಲ್ಲಿ ಹೊರಡಿಸಿದ 13 ಅಂಗುಲದ ಮ್ಯಾಕ್‌ಬುಕ್ ಪ್ರೊ ಯಂತ್ರಗಳಲ್ಲಿ ಕೆಲವಕ್ಕೆ ಪರದೆಯ ಹಿಂಬೆಳಕು ಕೆಟ್ಟು, ತಳದಲ್ಲಿ ನಾಟಕರಂಗದ ದೀಪಗಳಂತೆ ಬೆಳಕಿನ ಪಟ್ಟೆಗಳು ಕಾಣಿಸಿಕೊಂಡವು. ಕೀಲಿನ ಬಳಿಯ ತೆಳುಪಟ್ಟಿಯು ತೆರೆದು ಮುಚ್ಚುವುದರಿಂದಲೇ ಸವೆಯುತ್ತದೆಂದು ರಿಪೇರಿಯಲ್ಲಿ ಪರಿಣತರಾದ ಐಫಿಕ್ಸಿಟ್ ಸಂಸ್ಥೆಯವರು 2019ರ ಜನವರಿಯಲ್ಲಿ ವಿವರಿಸಿದರು. ಅದೇ ವರುಷದ ಮೇ ತಿಂಗಳಲ್ಲಿ ಕಂಪನಿಯು ಅಂಥ ಯಂತ್ರಗಳನ್ನು ಉಚಿತವಾಗಿ ರಿಪೇರಿ ಮಾಡಿಕೊಡುವೆನೆಂದು ಪ್ರಕಟಿಸಿ, ಮೊದಲೇ ಹಣ ತೆತ್ತು ಸರಿಪಡಿಸಿಕೊಂಡಿದ್ದವರು ಮರುಪಾವತಿ ಕೇಳಬಹುದೆಂದೂ ತಿಳಿಸಿತು. ಅಷ್ಟು ದೊಡ್ಡ ಕಂಪನಿಯ ಸರಕಿನಲ್ಲಿಯೂ ದೋಷವು ಹುಟ್ಟಿನಿಂದಲೇ ಅಡಗಿದ್ದು ತಡವಾಗಿ ಹೊರಬೀಳಬಹುದಾದರೆ, ಗೆರೆ ಕಂಡ ಕೂಡಲೆ ಗಿರಾಕಿಯ ಕೈಯನ್ನೇ ಶಂಕಿಸುವುದು ವಿವೇಕವಾಗದು.

ಎದುರು ಪಕ್ಷದವರ ಮಾತಿನಲ್ಲಿಯೂ ಸತ್ಯವುಂಟು. ಯಂತ್ರವನ್ನು ಕೆಳಕ್ಕೆ ಬೀಳಿಸಿ, ಮೇಲೆ ಚಹಾ ಚೆಲ್ಲಿ, "ತಾನಾಗಿಯೇ ಕೆಟ್ಟಿತು" ಎಂದು ಹೇಳುವ ಗಿರಾಕಿಗಳು ಇಲ್ಲದಿಲ್ಲ. ಅವರ ಸುಳ್ಳಿನ ಬೆಲೆಯನ್ನು ಕಡೆಗೆ ಸತ್ಯವಂತರೇ ಹೆಚ್ಚಿನ ದರದ ರೂಪದಲ್ಲಿ ತೆರಬೇಕಾಗುವುದು. ಒಡೆದ ಗಾಜಿಗೆ ವಾರಂಟಿ ಇಲ್ಲವೆಂಬ ನಿಯಮವು ಅನ್ಯಾಯವಲ್ಲ. ನನ್ನ ಆಕ್ಷೇಪಣೆಯು ನಿಯಮದ ಮೇಲಲ್ಲ. ಅದನ್ನು ನಡೆಸುವ ರೀತಿಯ ಮೇಲೆ. ಯಂತ್ರವನ್ನು ಬಿಚ್ಚಿ ನೋಡುವವರು ಕಂಪನಿಯವರು, ಕಾರಣ ಹೇಳುವವರು ಕಂಪನಿಯವರು, ಆ ಕಾರಣದಿಂದ ಹಣ ಉಳಿಸಿಕೊಳ್ಳುವವರೂ ಕಂಪನಿಯವರೇ. ಪರೀಕ್ಷೆ ಬರೆದ ಹುಡುಗಿಯೇ ತನ್ನ ಉತ್ತರಪತ್ರಿಕೆಗೆ ಅಂಕ ಹಾಕಿಕೊಳ್ಳುವುದನ್ನು ಯಾವ ಶಾಲೆಯೂ ಒಪ್ಪದು. ಆದ್ದರಿಂದ ಪೆಟ್ಟು ಬಿದ್ದಿತೆಂದು ಹೇಳುವವರು ಅದನ್ನು ತೋರಿಸಿಕೊಡತಕ್ಕದ್ದು. ಯಂತ್ರವನ್ನು ಒಪ್ಪಿಸಿಕೊಳ್ಳುವಾಗ ಗಿರಾಕಿಯ ಕಣ್ಣೆದುರಿನಲ್ಲಿಯೇ ಅದರ ಸ್ಥಿತಿಯನ್ನು ರಸೀದಿಯಲ್ಲಿ ಬರೆಯತಕ್ಕದ್ದು. ನಿರಾಕರಿಸುವುದಾದರೆ ಚಿತ್ರ ಸಹಿತವಾಗಿ, ಗಿರಾಕಿಗೆ ತಿಳಿಯುವ ಭಾಷೆಯಲ್ಲಿ, ಕಾರಣವನ್ನು ಕೊಡತಕ್ಕದ್ದು. ಪ್ರಾಮಾಣಿಕ ವರ್ತಕನಿಗೆ ಇದರಿಂದ ನಷ್ಟವಿಲ್ಲ. ಸುಳ್ಳು ಗಿರಾಕಿಯೂ ಇದರಿಂದಲೇ ಸಿಕ್ಕಿಬೀಳುವನು.

ಕಾನೂನು ನಮ್ಮ ಪಕ್ಷದಲ್ಲಿಲ್ಲವೆಂದು ಅನೇಕರು ತಿಳಿದಿರುವರು. ಅದು ಹಾಗಲ್ಲ. 1986ರ ಗ್ರಾಹಕರ ಸಂರಕ್ಷಣಾ ಕಾಯಿದೆಯ ಬದಲಿಗೆ 2019ರ ಕಾಯಿದೆಯು 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಇದರ ಪ್ರಕಾರ ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಂಪನಿಯ ಮುಖ್ಯ ಕಚೇರಿಯಿರುವ ಊರಿಗೆ ಅಲೆಯಬೇಕಾಗಿಲ್ಲ. ತೆತ್ತ ಬೆಲೆಯು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ಕಟ್ಟಳೆಯೂ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರುಷಗಳ ಅವಕಾಶವುಂಟು. ಅದಕ್ಕೂ ಮುಂಚೆ 1915 ಎಂಬ ಸಂಖ್ಯೆಗೆ ಫೋನು ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರಿಗೆ ಕನ್ನಡದಲ್ಲಿಯೇ ಸಂಗತಿಯನ್ನು ತಿಳಿಸಬಹುದು; ಅವರಿಗೆ ಆಜ್ಞೆ ಮಾಡುವ ಅಧಿಕಾರವಿಲ್ಲವಾದರೂ ಕಂಪನಿಯವರಿಂದ ಉತ್ತರ ಕೇಳುತ್ತಾರೆ. ಹೀಗಿದ್ದರೂ ಕೊರತೆಯೊಂದುಂಟು. ದೋಷವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾಗಿ ಬಂದರೆ ಅದರ ಶುಲ್ಕವನ್ನು ಕಟ್ಟುವಂತೆ ಆಯೋಗವು ದೂರು ಕೊಟ್ಟವರಿಗೆ ಹೇಳಬಹುದು. ಬಡ ತಾಯಿಗೆ ಈ ಭಾರವನ್ನು ಹೊರಿಸುವುದಕ್ಕಿಂತ, ನಿರಾಕರಿಸಿದ ಕಂಪನಿಯೇ ಅದನ್ನು ಮೊದಲು ಹೊರುವಂತಾದರೆ ಒಂದು ಸಾಲಿನ ಉತ್ತರಗಳು ಬಹಳಷ್ಟು ಕಡಿಮೆಯಾಗುವುವೆಂದು ನನ್ನ ಅಭಿಪ್ರಾಯ.

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಎರಡು ವಿಧದವರಿಗೆ ಎರಡು ಮಾತು. ಕೊಳ್ಳುವವರಾದ ನೀವು ಬಿಲ್ಲನ್ನು ಜೋಪಾನವಾಗಿಡಿರಿ; ವಾರಂಟಿಯ ಕಾಗದವನ್ನು ಕೊಳ್ಳುವ ಮೊದಲೇ ಓದಿರಿ. ಕೆಲವು ಚುಕ್ಕಿಗಳು ಸತ್ತರೆ ದೋಷವೆಂದು ಎಣಿಸುವುದಿಲ್ಲವೆಂಬಂಥ ಷರತ್ತುಗಳು ಅದರಲ್ಲಿಯೇ ಅಡಗಿರುತ್ತವೆ. ಯಂತ್ರವನ್ನು ರಿಪೇರಿಗೆ ಒಪ್ಪಿಸುವ ಮುಂಚೆ ನಾಲ್ಕು ಕಡೆಯಿಂದಲೂ ಅದರ ಚಿತ್ರ ತೆಗೆದುಕೊಳ್ಳಿರಿ. ಬಾಯಿಮಾತಿನ ನಿರಾಕರಣೆಯನ್ನು ಒಪ್ಪದೆ, ಬರಹದಲ್ಲಿ ಕೊಡಬೇಕೆಂದು ಶಾಂತವಾಗಿ ಕೇಳಿರಿ. ಕೂಗಾಡಿದರೆ ಕೆಲಸವಾಗದು, ತಾರೀಕು ಸಹಿತವಾದ ಒಂದು ಕಾಗದಕ್ಕೆ ಹತ್ತು ಕೂಗಿಗಿಂತ ಹೆಚ್ಚು ಬಲವುಂಟು. ಅರ್ಜಿ ಬರೆಯುವುದನ್ನು ನಿಮಗೆ ನಾವು ಕಲಿಸಿದ್ದು ಅಂಕಗಳಿಗಾಗಿ ಮಾತ್ರವಲ್ಲ.

ಇನ್ನು, ಇಂಥ ಕಂಪನಿಗಳಲ್ಲಿ ಮೇಜಿನ ಆ ಕಡೆ ಕುಳಿತು ದುಡಿಯುವವರೂ ನಿಮ್ಮಲ್ಲಿ ಇದ್ದೀರಿ. ನಿಮ್ಮ ಇಕ್ಕಟ್ಟನ್ನು ನಾನು ಬಲ್ಲೆ. ನಿಯಮಗಳನ್ನು ಮಾಡಿದವರು ನೀವಲ್ಲ. ಬೈಗುಳ ತಿನ್ನುವವರು ಮಾತ್ರ ನೀವೇ. ಆದರೂ ನಿಮ್ಮ ಕೈಲಾದದ್ದು ಸ್ವಲ್ಪ ಇದೆ. ಕಾಣದ ಪೆಟ್ಟನ್ನು ಕಂಡೆನೆಂದು ಬರೆಯಬೇಡಿರಿ. ಬಂದವರು ಕೇಳಿದರೆ ಕಾರಣವನ್ನು ಅವರ ಭಾಷೆಯಲ್ಲಿ ಬಿಡಿಸಿ ಹೇಳಿರಿ; ಮೇಲಿನವರಿಗೆ ಮನವಿ ಮಾಡುವ ದಾರಿಯಿದ್ದರೆ ಅದನ್ನು ಮರೆಮಾಡಬೇಡಿರಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮ ಹಿರಿಯರ ಗಾದೆ. ಒಡೆದ ಪರದೆಗೆ ಬದಲು ಪರದೆ ಸಿಕ್ಕೀತು. ಕೊಟ್ಟ ಮಾತು ಹುಸಿಯಾದರೆ, ಆ ವರ್ತಕನ ಅಂಗಡಿಗೆ ಮಾತ್ರವಲ್ಲ, ಇಡೀ ಪೇಟೆಗೇ ಹೋದ ನಂಬಿಕೆಯು ಸುಲಭವಾಗಿ ತಿರುಗಿ ಬಾರದು. ಆದುದರಿಂದ ಕಂಪನಿಗಳು ವಾರಂಟಿಯನ್ನು ಎಷ್ಟು ಕಾಲಕ್ಕೆ ಕೊಡುತ್ತವೆಂಬುದಕ್ಕಿಂತ, ಕೊಟ್ಟದ್ದನ್ನು ಹೇಗೆ ಸಲ್ಲಿಸುತ್ತವೆಂಬುದನ್ನು ನೋಡಿ ಸರಕು ಕೊಳ್ಳುವ ಅಭ್ಯಾಸವು ನಮ್ಮ ಮನೆಗಳಲ್ಲಿ ಬೆಳೆಯಲಿ.