ಮನೆವಾರ್ತೆ: ಪಾಪರ್ ಅರ್ಜಿಗೆ ಮೊದಲು ಒಂದು ಲೆಕ್ಕದ ಪುಸ್ತಕ



ಕಳೆದೆರಡು ಸಂಚಿಕೆಗಳಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಎಂದು ಬರೆದೆ. ಈ ಸಲದ್ದು ಬಾಯಲ್ಲಿ ನೀರೂರಿಸುವ ವಿಷಯವಲ್ಲ, ಸಾಲದ ವಿಷಯ. ದಯವಿಟ್ಟು ಪುಟ ಮಗುಚಿಬಿಡಬೇಡಿ. ಇಂದು ನಿಮಗೆ ಬೇಡವಾದರೂ ನಾಳೆ ನಿಮ್ಮ ತಂಗಿಗೋ ನೆರೆಮನೆಯಾಕೆಗೋ ಬೇಕಾದೀತು.

ಒಂದು ಸೋಮವಾರ, ಪುತ್ತೂರಿನ ಸಂತೆಯ ದಿನ, ಕಡಬದ ಕಡೆಯಿಂದ ನನ್ನ ಶಾಲೆಯ ಗೆಳತಿ ಮನೆಗೆ ಬಂದಳು. ಸಂತೆಗೆಂದು ಹೊರಟವಳ ಕೈಚೀಲ ಖಾಲಿ. ಕಾಫಿ ಕೊಟ್ಟೆ, ಲೋಟ ಮುಟ್ಟಲಿಲ್ಲ. "ಇವರು ಪಾಪರ್ ಅರ್ಜಿ ಹಾಕ್ತಾರಂತೆ ಮಾರಾಯ್ತಿ. ಹಾಕಿದರೆ ಸಾಲ ಎಲ್ಲ ಹೋಗ್ತದಂತೆ, ಹೌದಾ?" ಎಂದು ಕೇಳಿದಳು. ವಕೀಲರು, "ಮೊದಲು ಆದಾಯ, ಖರ್ಚು, ಸಾಲ, ಸೊತ್ತು ಎಲ್ಲವನ್ನೂ ಬರೆದು ತನ್ನಿ" ಎಂದು ಕಳುಹಿಸಿದ್ದರು. ಗಂಡ ಹೆಂಡತಿ ಎರಡು ರಾತ್ರಿ ಕೂತು ಬರೆದದ್ದು ಅರ್ಧ ಹಾಳೆ, ಜಗಳ ಮಾತ್ರ ಬೆಳಗಿನ ವರೆಗೆ. ಮದುವೆಯಾದಂದಿನಿಂದ ನಾನು ಜಮಾಖರ್ಚು ಬರೆದಿಡುವುದು ಅವಳಿಗೆ ಗೊತ್ತು. ಹಾಗಾಗಿ ನನ್ನಲ್ಲಿಗೆ ಬಂದಳು. ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ನಾವು ಮಾಡಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು 100 ಪುಟದ ನೋಟುಪುಸ್ತಕ ಸಾಕು. ಅದರಲ್ಲಿ ನಾಲ್ಕು ಪುಟ ಬೇಕು.

ಒಂದನೇ ಪುಟ, ಆದಾಯ

ಸಂಬಳದವರಿಗೆ ಇದು ಸುಲಭ. ನಮ್ಮ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಹಣ ಬರುವುದು ಮಳೆಯ ಹಾಗೆ, ಒಮ್ಮೆ ಹೊಳೆ, ಒಮ್ಮೆ ಒಣಗಿದ ತೋಡು. ಅಡಿಕೆ ಕೊಟ್ಟ ತಿಂಗಳು ನಾವು ಸಾಹುಕಾರರು! ಆದ್ದರಿಂದ ವರ್ಷದ ಹಣವನ್ನು ಸೇರಿಸಿ 12ರಿಂದ ಭಾಗಿಸಿ. ಮದ್ದು ಬಿಡುವ, ಕೊಯ್ಯುವ, ಸುಲಿಯುವ ಖರ್ಚನ್ನು ಮೊದಲೇ ಕಳೆಯಿರಿ. ಕೊಳೆರೋಗ, ಎಲೆಚುಕ್ಕಿ ರೋಗ ಬಂದ ತೋಟವಿದ್ದರೆ, ಅಥವಾ ಸಂಪಾಜೆ, ಅರಂತೋಡು ಕಡೆಯ ಹಳದಿ ರೋಗದ ತೋಟವಿದ್ದರೆ, ಒಳ್ಳೆಯ ವರ್ಷದ ಲೆಕ್ಕ ಹಿಡಿಯಬೇಡಿ. ಕಳೆದ ಮೂರು ವರ್ಷಗಳಲ್ಲಿ ಅತಿ ಕಡಿಮೆ ಬಂದದ್ದು ಯಾವುದೋ ಅದನ್ನೇ ಹಿಡಿಯಿರಿ.

ಗೆಳತಿಯ ಮನೆಯಲ್ಲಿ ಅಡಿಕೆ ಬಂದದ್ದು 48,000 ರೂ., ಖರ್ಚು 12,000. ಉಳಿದ 36,000ವನ್ನು ಭಾಗಿಸಿದರೆ ತಿಂಗಳಿಗೆ 3,000. ಗಂಡನ ಸಾಮಾನು ಸಾಗಿಸುವ ರಿಕ್ಷಾದಿಂದ ಡೀಸೆಲ್ ಕಳೆದು 14,000. ಇವಳು ಬೀಡಿ ಕಟ್ಟಿದ್ದು 3,500. ಒಟ್ಟು 20,500 ರೂ.

ಎರಡನೇ ಪುಟ, ಖರ್ಚು

"ಸುಮಾರು ಇಷ್ಟಾಗಬಹುದು" ಎಂದು ಬರೆಯಬೇಡಿ. ಒಂದು ತಿಂಗಳು ದಿನದಿನದ್ದನ್ನು ಬರೆದು ನೋಡಿ. ಕುಚ್ಚಲಕ್ಕಿ, ದಿನಸಿ, ಮೀನು, ಹಾಲು, ಗ್ಯಾಸು ಸೇರಿ 7,500. ಮಕ್ಕಳ ಶಾಲೆ ಮತ್ತು ವ್ಯಾನು 2,200. ಅತ್ತೆಯ ಸಕ್ಕರೆ ಕಾಯಿಲೆಯ ಮದ್ದು 1,100. ಫೋನು 500. ವರ್ಷಕ್ಕೊಮ್ಮೆ ಬಂದು ಕತ್ತು ಹಿಡಿಯುವ ರಿಕ್ಷಾದ ವಿಮೆ ಮತ್ತು ರಿಪೇರಿಯನ್ನು 12ರಿಂದ ಭಾಗಿಸಿದರೆ 1,300. ಮದುವೆ, ಉಪನಯನ, ಬೊಜ್ಜ, ಉಡುಗೊರೆ ಎಂದು 900. "ಇದನ್ನೂ ಬರೆಯುವುದಾ?" ಎಂದು ಅವಳು ಕೇಳಿದಳು. ಬರೆಯಲೇಬೇಕು. ನಾವು ಬರೆಯದಿದ್ದರೂ ಆ ಹಣ ಹೋಗಿಯೇ ಹೋಗುತ್ತದೆ. ಒಟ್ಟು 13,500. ಕೈಯಲ್ಲಿ ಉಳಿಯುವುದು 7,000 ರೂ.

ಮೂರನೇ ಪುಟ, ಸಾಲ

ಇಲ್ಲಿ ನಾನು ಒಂದು ಉಪಾಯ ಮಾಡಿದೆ. ಮರುದಿನ ಗಂಡನನ್ನೂ ಬರಹೇಳಿ, ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟು, ಒಬ್ಬರನ್ನು ಜಗಲಿಯಲ್ಲಿ, ಇನ್ನೊಬ್ಬರನ್ನು ಅಡುಗೆಮನೆಯಲ್ಲಿ ಕೂರಿಸಿದೆ. ಆಮೇಲೆ ಎರಡನ್ನೂ ಹತ್ತಿರ ಇಟ್ಟು ನೋಡಿದೆವು.

ಅವರ ಹಾಳೆಯಲ್ಲಿ ಇವಳಿಗೆ ಗೊತ್ತಿಲ್ಲದ ಒಂದು ಲಕ್ಷ ರೂಪಾಯಿಯ ಕೈಗಡ ಇತ್ತು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಸ್ನೇಹಿತನೊಬ್ಬನ ಸಾಲಕ್ಕೆ ಹಾಕಿದ ಜಾಮೀನು ಸಹಿಯೂ ಇತ್ತು. ಇವಳ ಹಾಳೆಯಲ್ಲಿ ಅವರಿಗೆ ಗೊತ್ತಿಲ್ಲದ ಮೂರನೇ ಗುಂಪಿನ ಸಾಲ ಇತ್ತು, ತಮ್ಮನ ಆಸ್ಪತ್ರೆ ಖರ್ಚಿಗೆಂದು ತೆಗೆದದ್ದು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರು ಕೂಗಿದ್ದು ಒಳ್ಳೆಯದಾಯಿತು, ನಾನು ಎದ್ದು ಹೋದೆ. ವಾಪಸು ಬಂದಾಗ ಇಬ್ಬರ ಕಣ್ಣೂ ಕೆಂಪಾಗಿತ್ತು. ಆದರೆ ಹಾಳೆ ಹರಿದಿರಲಿಲ್ಲ.

ಈಗ ಲೆಕ್ಕ ನೋಡಿ. ರಿಕ್ಷಾದ ಕಂತು 6,200. ಕೈಗಡದ ಬಡ್ಡಿ 3,000. ಬ್ಯಾಂಕಿನಲ್ಲಿ ಅಡವಿಟ್ಟ ಬಳೆಗಳ ಬಡ್ಡಿ 900. ಮೂರು ಗುಂಪುಗಳಿಗೆ ವಾರಕ್ಕೆ 650, 550, 700, ಒಟ್ಟು 1,900. ಗೆಳತಿ ಇದನ್ನು ನಾಲ್ಕರಿಂದ ಗುಣಿಸಿ 7,600 ಎಂದು ಬರೆದಿದ್ದಳು. ನಾವೆಲ್ಲ ಮಾಡುವ ತಪ್ಪು ಇದೇ. ವರ್ಷಕ್ಕೆ ವಾರಗಳು 52. 1,900ನ್ನು 52ರಿಂದ ಗುಣಿಸಿ 12ರಿಂದ ಭಾಗಿಸಿದರೆ ತಿಂಗಳಿಗೆ 8,233. ಎಲ್ಲ ಸೇರಿ 18,333 ರೂ. ಕೈಯಲ್ಲಿರುವುದು 7,000. ಪ್ರತಿ ತಿಂಗಳೂ 11,333 ಕೊರತೆ! ಒಂದು ಗುಂಪಿನದ್ದು ತೀರಿಸಲು ಇನ್ನೊಂದು ಗುಂಪು ಸೇರಿದ್ದು ಯಾಕೆಂದು ಆಗ ಅವರಿಗೇ ಅರ್ಥವಾಯಿತು.

ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 1ರಿಂದ ಗುಂಪಿನಂತಹ ಕಿರುಸಾಲಗಳಿಗೆ ಒಂದು ನಿಯಮ ಮಾಡಿದೆ. ವರ್ಷಕ್ಕೆ 3 ಲಕ್ಷ ರೂ. ವರೆಗೆ ಆದಾಯವಿರುವ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಈ ಮನೆಗೆ ಅರ್ಧವೆಂದರೆ 10,250. ಸಾಲ ಕೇಳಲು ಹೋಗುವಾಗಲೇ ಈ ಭಾಗಾಕಾರ ಮಾಡಿ ನೋಡಿ, ಸೋದರಿಯರೇ.

ಇನ್ನೊಂದು ಮುಖ್ಯ ಮಾತು. ಪ್ರತಿ ಸಾಲದ ಎದುರು ಕೊಟ್ಟವರ ಹೆಸರು, ಊರು, ಉಳಿದ ಅಸಲು, ಅಡವು ಏನು ಎಂದು ಬರೆದ ಮೇಲೆ ಕೊನೆಗೊಂದು ಗೆರೆ ಎಳೆದು "ಸಹಿ ಯಾರದು?" ಎಂದು ಬರೆಯಿರಿ. ನಮಗೆ ಮನೆಯ ಸಾಲವೆಲ್ಲ ಒಂದೇ ಒಲೆಯ ಬೂದಿ. ಕೋರ್ಟು ನೋಡುವುದು ಸಹಿಯನ್ನು. ಗೆಳತಿಯ ಗಂಡ ಅರ್ಜಿ ಹಾಕಿದರೂ ಅವಳ ಸಹಿಯ ಮೂರು ಗುಂಪಿನ ಸಾಲ ಹಾಗೆಯೇ ಅವಳ ತಲೆಯ ಮೇಲೆ ಉಳಿಯುತ್ತಿತ್ತು. ಇದನ್ನು ಅವರಿಬ್ಬರೂ ಯೋಚಿಸಿಯೇ ಇರಲಿಲ್ಲ.

ನಾಲ್ಕನೇ ಪುಟ, ಸೊತ್ತು

ಯಾವುದು ಯಾರ ಹೆಸರಲ್ಲಿ ಉಂಟು, ಎಲ್ಲಿ ಉಂಟು, ಇಂದಿನ ಬೆಲೆ ಎಷ್ಟು ಎಂದು ಬರೆಯಿರಿ. ಇವರ ತೋಟದ ಪಹಣಿ ಅತ್ತೆಯ ಹೆಸರಲ್ಲಿತ್ತು. ಬಳೆಗಳು ಗೆಳತಿಯ ತಾಯಿ ಕೊಟ್ಟದ್ದು, ಅಡವು ಚೀಟಿಯೂ ಅವಳ ಹೆಸರಲ್ಲೇ. ಗಂಡನ ಹೆಸರಲ್ಲಿ ಇದ್ದದ್ದು ಸಾಲದ ರಿಕ್ಷಾ, ಒಂದು ಹಳೆಯ ಬೈಕು. "ಬೈಕನ್ನು ಮೊದಲೇ ತಮ್ಮನ ಹೆಸರಿಗೆ ಮಾಡಿಬಿಡಿ" ಎಂದು ಯಾರೋ ಬುದ್ಧಿ ಹೇಳಿದ್ದರಂತೆ. ಅಂಥ ಬುದ್ಧಿ ಕೇಳಬೇಡಿ. ದಿವಾಳಿ ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ಸರಿಯಾದ ಬೆಲೆಯಿಲ್ಲದೆ ದಾಟಿಸಿದ್ದನ್ನು ಕೋರ್ಟು ರದ್ದು ಮಾಡಬಹುದು. ಸೊತ್ತು ಅಡಗಿಸಿದರೆ, ಸುಳ್ಳು ಲೆಕ್ಕ ಬರೆದರೆ ಒಂದು ವರ್ಷದ ವರೆಗೆ ಜೈಲು. ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಬೇಕಾದ ಒಬ್ಬ ಸಾಲಗಾರನಿಗೆ ಮಾತ್ರ ಹೆಚ್ಚು ಕೊಟ್ಟು ಉಳಿದವರನ್ನು ಬಿಟ್ಟರೂ ಅದನ್ನು ಪ್ರಶ್ನಿಸಬಹುದು.

ಹೆದರಿಕೆ ಬೇಡದ ಮಾತೂ ಉಂಟು. ಅಡುಗೆಯ ಪಾತ್ರೆ, ಉಡುವ ಬಟ್ಟೆ, ಹಾಸಿಗೆ ಹೊದಿಕೆ, ಧರ್ಮದ ರೂಢಿಯಂತೆ ಹೆಂಗಸು ಮೈಯಿಂದ ತೆಗೆಯಬಾರದ ತಾಳಿಯಂತಹ ಒಡವೆ, ಕುಶಲಕರ್ಮಿಯ ಉಪಕರಣ, ಕೃಷಿಕನ ಸಲಕರಣೆಗಳನ್ನು ಕಾನೂನು ಜಪ್ತಿಯಿಂದ ಹೊರಗಿಟ್ಟಿದೆ.

ಅರ್ಜಿಯೆಂದರೆ ಏನು?

ನಾವು ಪಾಪರ್ ಎನ್ನುವುದನ್ನು ಕಾಗದದಲ್ಲಿ ದಿವಾಳಿ ಅರ್ಜಿ ಎನ್ನುತ್ತಾರೆ. ನಮ್ಮ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದಾಗ, 1920ರಲ್ಲಿ ಆದ ಪ್ರಾಂತೀಯ ದಿವಾಳಿ ಕಾಯಿದೆಯೇ ನಮ್ಮಂಥ ಸಾಮಾನ್ಯರಿಗೆ ಇಂದಿಗೂ ಅನ್ವಯ. 2016ರ ಹೊಸ ಸಂಹಿತೆಯಲ್ಲಿ ವ್ಯಕ್ತಿಗಳ ದಿವಾಳಿಯ ಭಾಗ 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದದ್ದು ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ.

ಅರ್ಜಿ ಹಾಕಿದ ಕೂಡಲೇ ಸಾಲ ಮಾಯವಾಗುವುದಿಲ್ಲ. ದಿವಾಳಿ ಎಂದು ಘೋಷಣೆಯಾದ ಮೇಲೆ ಸೊತ್ತು ಕೋರ್ಟಿನ ವಶಕ್ಕೆ ಹೋಗಿ ಸಾಲಗಾರರಿಗೆ ಹಂಚಿಕೆಯಾಗುತ್ತದೆ. ಆಮೇಲೆ ಬಿಡುಗಡೆ ಕೇಳಿ ಬೇರೆ ಅರ್ಜಿ ಹಾಕಬೇಕು. ಬಿಡುಗಡೆ ಸಿಕ್ಕಿದರೂ ಸರಕಾರಕ್ಕೆ ಕಟ್ಟಬೇಕಾದದ್ದು, ಮೋಸದಿಂದ ಮಾಡಿದ ಸಾಲ ಬಿಡುವುದಿಲ್ಲ. ಅಡವು ಇಟ್ಟುಕೊಂಡವರು ಅಡವನ್ನು ಹಿಡಿಯಬಹುದು. ನಿಮಗೆ ಜಾಮೀನು ನಿಂತ ಭಾವನೋ ನೆರೆಯವನೋ ಇದ್ದರೆ ಅವರ ಕುತ್ತಿಗೆ ಬಿಡುಗಡೆಯಾಗುವುದಿಲ್ಲ. ಬಿಡುಗಡೆಯಾಗುವ ತನಕ, ತಾನು ದಿವಾಳಿಯೆಂದು ತಿಳಿಸದೆ 50 ರೂಪಾಯಿಯೋ ಅದಕ್ಕಿಂತ ಹೆಚ್ಚೋ ಸಾಲ ಪಡೆದರೆ ಅದೇ ಒಂದು ಅಪರಾಧ.

ಗೆಳತಿಯ ಮನೆಯಲ್ಲಿ ಏನಾಯಿತು?

ನಾಲ್ಕು ಪುಟ ತುಂಬಿದ ಮೇಲೆ ಗೆಳತಿಯೇ, "ಬಳೆ ಮಾರಿದರೆ ಎಷ್ಟು ಬರ್ತದೆ?" ಎಂದು ಕೇಳಿದಳು. ಮಾರು ಎಂದು ನಾನು ಹೇಳಲಿಲ್ಲ. ತವರಿನ ಚಿನ್ನ ನಮ್ಮದು, ಗಂಡನ ಸಾಲಕ್ಕೆ ಕೊಡಲೇಬೇಕೆಂಬ ಕಾನೂನಿಲ್ಲ. ಕೊಡುವುದಾದರೆ ಲೆಕ್ಕ ನೋಡಿ ಕೊಡಬೇಕು, ಅಳು ಬಂದಾಗ ಕೊಡಬಾರದು. ನಾಲ್ಕು ಪವನಿನ ಆ ಬಳೆಗಳನ್ನು ಬಿಡಿಸಿ ಮಾರಿದ ಹಣದಲ್ಲಿ ಬ್ಯಾಂಕಿನ 90,000, ಒಂದು ಲಕ್ಷದ ಕೈಗಡ, ವಾರಕ್ಕೆ 700 ಕಟ್ಟುವ ಗುಂಪಿನ ಬಾಕಿ, ಮೂರೂ ತೀರಿ ಸ್ವಲ್ಪ ಉಳಿಯಿತು. ತಿಂಗಳ ಭಾರ 11,400ಕ್ಕೆ ಇಳಿಯಿತು. ಈ ಪುಸ್ತಕವನ್ನೇ ತೋರಿಸಿ ರಿಕ್ಷಾ ಸಾಲದವರಲ್ಲಿ ಅವಧಿ ಕೇಳಿದರು. ಒಟ್ಟು ಬಡ್ಡಿ ಹೆಚ್ಚಾದರೂ ಕಂತು 4,300 ಆಯಿತು. ವಾರಕ್ಕೆ 650ರ ಗುಂಪು ಇನ್ನು ಐದು ತಿಂಗಳಿಗೆ ಮುಗಿಯುತ್ತದೆ. ಅಷ್ಟರ ತನಕ ತಿಂಗಳಿಗೆ 2,500 ಕೊರತೆ, ಅದಕ್ಕೆ ಬಳೆಯ ಉಳಿದ ಹಣ. ಆಮೇಲೆ 7,000ದಲ್ಲಿ ಎಲ್ಲ ಕಂತು ಹೋಗಿ 317 ರೂಪಾಯಿ ಮಿಗುತ್ತದೆ. "ಮುನ್ನೂರ ಹದಿನೇಳು!" ಎಂದು ಅವಳು ಎಷ್ಟೋ ದಿನದ ಮೇಲೆ ನಕ್ಕಳು. ಸ್ನೇಹಿತನ ಜಾಮೀನಿನ ಹೆದರಿಕೆ ಮಾತ್ರ ಇನ್ನೂ ಹಾಗೆಯೇ ಉಂಟು.

ಎಲ್ಲರ ಲೆಕ್ಕವೂ ಹೀಗೆ ಕೂಡಿಬರುವುದಿಲ್ಲ. ಎಷ್ಟು ಕೂಡಿಸಿ ಕಳೆದರೂ ಕೊರತೆ ಉಳಿದರೆ ಕೋರ್ಟಿಗೆ ಹೋಗಿ, ನಾಚಿಕೆ ಬೇಡ, ಆ ಕಾನೂನು ಇರುವುದು ಅಂಥವರಿಗಾಗಿಯೇ. ಆಗಲೂ ವಕೀಲರಿಗೆ ಬೇಕಾದದ್ದು ಇದೇ ನಾಲ್ಕು ಪುಟ. 1987ರ ಕಾಯಿದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಪುತ್ತೂರಿನಲ್ಲೋ ಸುಳ್ಯದಲ್ಲೋ ಕೋರ್ಟಿನಲ್ಲಿರುವ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿ.

ಅಷ್ಟರಲ್ಲಿ ವಸೂಲಿಯವರು ಬಾಗಿಲಲ್ಲಿ ನಿಂತು ಕೂಗಾಡಿದರೆ ಸಹಿಸಿಕೊಂಡು ಕೂರಬೇಡಿ. ಗುಂಪಿನ ಕಿರುಸಾಲದವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನು ಮಾಡಿ ಕಾಡುವಂತಿಲ್ಲ. ಸಾಲಕ್ಕಾಗಿ ಕಿರುಕುಳ ಕೊಟ್ಟವರಿಗೆ 10 ವರ್ಷದ ವರೆಗೆ ಜೈಲು, 5 ಲಕ್ಷ ರೂ. ವರೆಗೆ ದಂಡ ಎಂದು ನಮ್ಮ ರಾಜ್ಯ 2025ರಲ್ಲಿ ಕಾನೂನು ಮಾಡಿದೆ. ಪೊಲೀಸರಿಗೆ ದೂರು ಕೊಡಬಹುದು.

ಸಾಲಕ್ಕೆ ಹೆದರಿ ಬಾವಿ ಕಡೆ ನೋಡುವವರು ಮೊದಲು ಪುಸ್ತಕ ತೆರೆದು ಬರೆಯಿರಿ, ಒಬ್ಬರೇ ಕೂತು ಬರೆಯಬೇಡಿ. ತಲೆಯೊಳಗೆ ಇರುವಾಗ ಸಾಲಕ್ಕೆ ತುದಿ ಮೊದಲು ಕಾಣುವುದಿಲ್ಲ. ಹಾಳೆಯ ಮೇಲೆ ಇಳಿದರೆ ಅದೂ ಒಂದು ಅಂಕಿ, ಕೂಡಿಸಬಹುದು, ಕಳೆಯಬಹುದು.

ಮುಂದಿನ ಸಂಚಿಕೆಯಲ್ಲಿ ಕೆಸುವಿನ ಎಲೆಯ ಪತ್ರೊಡೆ. ಎಲೆ ಕೊಯ್ದಿಟ್ಟುಕೊಳ್ಳಿ!

ನಿಮ್ಮ ಸೋದರಿ