ಹಳೆಯ ಚಿತ್ರ, ಹೊಸ ಚಿತ್ರ, ಉಳಿಯದ ಚಿತ್ರ

ನಾಲ್ವರು ಚಿತ್ರರಸಿಕರು ಸೇರಿದಲ್ಲಿ ಎರಡು ಪಕ್ಷಗಳಾಗುವುದು ವಾಡಿಕೆ. ಹಿರಿಯರು ಹಿಂದಿನ ಚಿತ್ರಗಳನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ: ಆ ಸ್ಪಷ್ಟವಾದ ಮಾತೆಲ್ಲಿ, ಆ ಹಾಡುಗಳೆಲ್ಲಿ, ಆ ಸಂಯಮವೆಲ್ಲಿ! ಕಿರಿಯರು ನಗುತ್ತಾರೆ: ನಾಟಕದ ಮುಂದೆ ಕ್ಯಾಮರಾ ನಿಲ್ಲಿಸಿ ತೆಗೆದದ್ದೂ ಒಂದು ಚಿತ್ರವೆ? ಎರಡು ಮಾತಿನಲ್ಲಿಯೂ ಸ್ವಲ್ಪ ಸತ್ಯವುಂಟು. ಎರಡರಲ್ಲಿಯೂ ಸ್ವಲ್ಪ ಪಕ್ಷಪಾತವುಂಟು.

1954ರ ‘ಬೇಡರ ಕಣ್ಣಪ್ಪ’ದ ನಾಯಕರಾದ ರಾಜ್‌ಕುಮಾರ್ ಅವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದವರು. ಕಟ್ಟಕಡೆಯ ಸಾಲಿನಲ್ಲಿ ಕುಳಿತವನಿಗೂ ಒಂದೊಂದು ಅಕ್ಷರವೂ ಕೇಳಿಸಬೇಕೆಂಬ ರಂಗಭೂಮಿಯ ಶಿಸ್ತು ಆ ನಾಲಗೆಯಲ್ಲಿ ಕೊನೆಯವರೆಗೂ ಇತ್ತು. ಇತ್ತ 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದ ‘ತಿಥಿ’ಯನ್ನು ನೋಡಿ. ಮಂಡ್ಯ ಸೀಮೆಯ ಹಳ್ಳಿಯ ಜನರೇ ಅಲ್ಲಿನ ಪಾತ್ರಧಾರಿಗಳು. ಯಾವ ರಂಗಶಿಕ್ಷಣವೂ ಇಲ್ಲದೆ, ಗದ್ದೆಯ ಬದುವಿನ ಮೇಲೆ ಆಡುವ ಮಾತನ್ನೇ ಅವರು ಆಡುತ್ತಾರೆ. ಮೊದಲನೆಯದು ಕಟ್ಟಿದ ಮಾತಿನ ಚೆಲುವು. ಎರಡನೆಯದು ಆಡಿದ ಮಾತಿನ ಚೆಲುವು. ಕನ್ನಡವನ್ನು ಪ್ರೀತಿಸುವವನಿಗೆ ಎರಡೂ ಬೇಕು. ಹಳತು ಹೆಚ್ಚೋ ಹೊಸತು ಹೆಚ್ಚೋ ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಇಷ್ಟೇ ಉತ್ತರ.

ಆದರೆ ಈ ಜಗಳದ ಹಿಂದೆ ಇನ್ನೊಂದು ಪ್ರಶ್ನೆಯಿದೆ. ಅದನ್ನು ತಿಳಿಯಲು ಕಾಳಿದಾಸನಲ್ಲಿಗೆ ಹೋಗಬಹುದು. ‘ಮಾಲವಿಕಾಗ್ನಿಮಿತ್ರ’ದ ಆರಂಭದಲ್ಲಿ ಇದೇ ವಾದ ಬರುತ್ತದೆ. ಭಾಸ, ಸೌಮಿಲ್ಲ, ಕವಿಪುತ್ರರಂಥ ಪ್ರಸಿದ್ಧರಿರುವಾಗ ಈಗಿನ ಕಾಳಿದಾಸನ ನಾಟಕವೇಕೆ ಎಂದು ಸೂತ್ರಧಾರನನ್ನು ಕೇಳುತ್ತಾರೆ. ಹಳೆಯದೆಂಬ ಮಾತ್ರಕ್ಕೆ ಎಲ್ಲವೂ ಒಳ್ಳೆಯದಾಗದು, ವಿವೇಕಿಗಳು ಪರೀಕ್ಷಿಸಿ ಆರಿಸಿಕೊಳ್ಳುತ್ತಾರೆ ಎಂಬುದು ಸೂತ್ರಧಾರನ ಸಮಾಧಾನ. ಉತ್ತರವೇನೋ ಸೊಗಸಾಗಿದೆ. ಆದರೆ ಇಂದು ನಾವು ಪರೀಕ್ಷಿಸುವುದೇನನ್ನು? ಸೌಮಿಲ್ಲ, ಕವಿಪುತ್ರರ ನಾಟಕಗಳು ಉಳಿದಿಲ್ಲ. ಭಾಸನದೂ ಅದೇ ಗತಿಯೆಂದು ಎಲ್ಲರೂ ತಿಳಿದಿದ್ದಾಗ, ಕೇರಳದಲ್ಲಿ ದೊರೆತ ತಾಳೆಗರಿಗಳಿಂದ ಗಣಪತಿಶಾಸ್ತ್ರಿಗಳು ಅವನವೆಂದು ಗುರುತಿಸಿದ ನಾಟಕಗಳನ್ನು 1912ರಿಂದ ಅಚ್ಚು ಹಾಕಿಸಿದರು. ಯಾರೋ ಪ್ರತಿ ಮಾಡಿ ಇಟ್ಟಿದ್ದರಿಂದ ಭಾಸ ಮರಳಿ ಬಂದ. ಪ್ರತಿಯಿಲ್ಲದವರ ಹೆಸರು ಮಾತ್ರ ಉಳಿಯಿತು.

ನಮ್ಮ ಚಲನಚಿತ್ರದ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ವೈ. ವಿ. ರಾವ್ ಅವರ ನಿರ್ದೇಶನ. ಬೆಳ್ಳಾವೆ ನರಹರಿಶಾಸ್ತ್ರಿಗಳ ಮಾತು, ಹಾಡು. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರ ಅಭಿನಯ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಇಷ್ಟನ್ನೆಲ್ಲ ನಾವು ಹೇಳಬಲ್ಲೆವು. ಚಿತ್ರವನ್ನು ಮಾತ್ರ ನೋಡಲಾರೆವು. ಅದರ ಪ್ರತಿ ಉಳಿದಿಲ್ಲ. ಭಾರತದ ಮೊದಲ ವಾಕ್ಚಿತ್ರವಾದ 1931ರ ‘ಆಲಂ ಆರಾ’ವೂ ಹಾಗೆಯೇ ಕಳೆದುಹೋಗಿದೆ.

ಇದಕ್ಕೆ ಕಾರಣಗಳು ಹಲವು. ಅಂದಿನ ನೈಟ್ರೇಟ್ ಫಿಲ್ಮು ತಟ್ಟನೆ ಹೊತ್ತಿಕೊಳ್ಳುವ ವಸ್ತು. ಹೊತ್ತಿಕೊಳ್ಳದಿದ್ದರೂ ಸೆಕೆಯಲ್ಲಿ ಬಿದ್ದಿದ್ದರೆ ಕಾಲಕ್ರಮದಲ್ಲಿ ಕೊಳೆತು ಪುಡಿಯಾಗುತ್ತದೆ. 2003ರಲ್ಲಿಯೂ ಪುಣೆಯ ಭಂಡಾರವೊಂದಕ್ಕೆ ಬೆಂಕಿ ತಗುಲಿ ಅನೇಕ ಹಳೆಯ ಚಿತ್ರಗಳ ನೈಟ್ರೇಟ್ ಸುರುಳಿಗಳು ಸುಟ್ಟುಹೋದವು. ಅನಂತರ ಬಂದ ಅಸಿಟೇಟ್ ಫಿಲ್ಮು ಬೆಂಕಿಗೆ ಅಷ್ಟು ಹೆದರದಿದ್ದರೂ ತೇವಕ್ಕೆ, ಸೆಕೆಗೆ ಸಿಕ್ಕಿದರೆ ವಿನೆಗರಿನಂತೆ ಹುಳಿವಾಸನೆ ಬೀರುತ್ತ ಸುಕ್ಕುಗಟ್ಟುತ್ತದೆ. ಇವೆರಡಕ್ಕಿಂತ ಕ್ರೂರವಾದದ್ದು ಮನುಷ್ಯನ ಲೆಕ್ಕಾಚಾರ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುತ್ತದೆ. ಓಡಿ ಸವೆದ ಪ್ರತಿಗಳನ್ನು ಆ ಬೆಳ್ಳಿಗಾಗಿ ತೊಳೆದು ಕರಗಿಸಿದ್ದುಂಟು. ಬೆಳ್ಳಿತೆರೆಯೆಂದು ನಾವು ಹಾಡಿಹೊಗಳಿದ ಕಲೆಯನ್ನು ತೂಕದ ಬೆಳ್ಳಿಗೆ ಮಾರಿಕೊಂಡೆವು.

ಹಳೆಯ ಚಿತ್ರಗಳೆಲ್ಲ ಚಿನ್ನವೆಂದು ತೋರುವುದಕ್ಕೆ ಇದೂ ಒಂದು ಕಾರಣ. ಜನ ಮತ್ತೆ ಮತ್ತೆ ಕೇಳಿದ ಚಿತ್ರಗಳಿಗೆ ಹೊಸ ಪ್ರತಿಗಳಾದವು, ಉಳಿದವನ್ನು ಕೇಳುವವರಿರಲಿಲ್ಲ. ಹಿರಿಯರು ಆರಿಸಿದ ಹತ್ತು ಹಳೆಯ ಚಿತ್ರಗಳನ್ನು ಕಿರಿಯರು ನೋಡುವ ನೂರು ಹೊಸ ಚಿತ್ರಗಳೊಡನೆ ತೂಗಿದರೆ ತಕ್ಕಡಿ ಹೇಗೆ ಸಮನಾದೀತು?

‘ಕೆಟ್ಟ ಚಿತ್ರಗಳನ್ನೆಲ್ಲ ಕಾಪಾಡಿ ಏನು ಪ್ರಯೋಜನ?’ ಎಂದು ಕೇಳುವವರುಂಟು. ಕೆಟ್ಟದ್ದೆಂದು ತೀರ್ಮಾನಿಸುವ ಅಧಿಕಾರ ಒಂದೇ ತಲೆಮಾರಿಗೆ ಸೇರಿದ್ದಲ್ಲ. ಅಲ್ಲದೆ ಕಥೆ ಸೋತಲ್ಲಿಯೂ ಚಿತ್ರ ಬೇರೇನನ್ನೋ ಹಿಡಿದಿಟ್ಟಿರುತ್ತದೆ: ಅಂದಿನ ಬೀದಿ, ಉಡುಪು, ಹೆಂಗಸರು ಮಕ್ಕಳನ್ನು ಕರೆಯುವ ಬಗೆ, ಇಂದು ಯಾರೂ ಆಡದ ಒಂದು ಪದದ ಉಚ್ಚಾರ. ಶಾಸನವನ್ನು ಓದುವವನು ಅದು ಒಳ್ಳೆಯ ಕಾವ್ಯವೇ ಎಂದು ಮೊದಲು ಕೇಳುವುದಿಲ್ಲ.

ಉಳಿಸಬೇಕೆಂಬ ಮನಸ್ಸಿದ್ದರೆ ಏನಾದೀತೆಂಬುದಕ್ಕೂ ನಿದರ್ಶನಗಳಿವೆ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದಾಗ ಪಿ. ಕೆ. ನಾಯರ್ ಅವರು ಊರೂರು ಅಲೆದು ಸುರುಳಿಗಳನ್ನು ಕಲೆಹಾಕಿದರು. ಫಾಲ್ಕೆಯವರ ಚಿತ್ರಗಳಲ್ಲಿ ಇಂದು ನೋಡಸಿಗುವ ಭಾಗಗಳು ಬಹುಮಟ್ಟಿಗೆ ಆ ಶ್ರಮದ ಫಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣ ತುಂಬಿಸಿಕೊಂಡು ಬಂದವು. ಇದರಿಂದ ಹೊಸ ಪ್ರೇಕ್ಷಕರು ಬಂದದ್ದು ಸಂತೋಷವೇ. ಆದರೆ ಬಣ್ಣ ಬಂದಿತೆಂದು ಕಪ್ಪು-ಬಿಳುಪಿನ ಮೂಲವನ್ನು ಅಲಕ್ಷಿಸಿದರೆ, ಹೊಸಗನ್ನಡ ಗದ್ಯಾನುವಾದ ಬಂದಿತೆಂದು ಪಂಪನ ಮೂಲವನ್ನು ಅಟ್ಟಕ್ಕೆ ಎಸೆದಂತಾದೀತು.

ಹೊಸ ಚಿತ್ರಗಳವರು ತಾವು ಸುರಕ್ಷಿತರೆಂದು ನಂಬಬೇಕಾಗಿಲ್ಲ. ಇಂದಿನ ಚಿತ್ರಕ್ಕೆ ಫಿಲ್ಮೇ ಇಲ್ಲ. ಅದು ಡಿಜಿಟಲ್ ಕಡತವಾಗಿ ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಡಿಸ್ಕು ಒಂದು ದಿನ ಕೆಡುತ್ತದೆ. ಕಡತದ ರೂಪವೂ ಅದನ್ನು ಓದುವ ಯಂತ್ರವೂ ಹಳತಾಗುತ್ತವೆ. ಕೆಲವು ವರ್ಷಗಳಿಗೊಮ್ಮೆ ಹೊಸ ಪ್ರತಿ ಮಾಡಿಕೊಳ್ಳದಿದ್ದರೆ ಮೊನ್ನೆಯ ಚಿತ್ರವೂ ‘ಸತಿ ಸುಲೋಚನ’ದ ಹಾದಿ ಹಿಡಿಯಬಹುದು. ಓಲೆ ಜೀರ್ಣವಾಗುವ ಮೊದಲೇ ಇನ್ನೊಂದು ಓಲೆಗೆ ಇಳಿಸಬೇಕೆಂಬ ನಮ್ಮ ಲಿಪಿಕಾರರ ವಿವೇಕ ಇಲ್ಲಿಯೂ ಸಲ್ಲುತ್ತದೆ.

ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ಪ್ರತಿವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಆಕೆ ಕಾವ್ಯ ಬರೆದವಳಲ್ಲ, ಉಳಿಸಿದವಳು. ಸಾಹಿತ್ಯಚರಿತ್ರೆಯಲ್ಲಿ ಆಕೆಗೆ ಸ್ಥಾನ ದೊರೆತದ್ದು ಅದಕ್ಕಾಗಿ. ಪುಸ್ತಕ ಅಚ್ಚಾದರೆ ನಿಯತ ಗ್ರಂಥಾಲಯಗಳಿಗೆ ಪ್ರತಿ ಒಪ್ಪಿಸಬೇಕೆಂದು 1954ರ ಕಾನೂನು ಹೇಳುತ್ತದೆ. ಆ ಕಾನೂನು ಚಲನಚಿತ್ರಕ್ಕೆ ಅನ್ವಯಿಸುವುದಿಲ್ಲ. ಕನ್ನಡದಲ್ಲಿ ತಯಾರಾದ ಪ್ರತಿಯೊಂದು ಚಿತ್ರದ ಒಳ್ಳೆಯ ಪ್ರತಿಯೊಂದು ಸಾರ್ವಜನಿಕ ಭಂಡಾರಕ್ಕೆ ಸೇರಬೇಕು. ಅಲ್ಲಿ ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಅಭ್ಯಾಸಿಗಳು ಕುಳಿತು ನೋಡುವ ಅನುಕೂಲವೂ ಇರಬೇಕು. ಕಾಲೇಜುಗಳು ಇದನ್ನು ಕೇಳಬೇಕು, ಚಿತ್ರೋದ್ಯಮ ಒಪ್ಪಬೇಕು, ಸರ್ಕಾರ ನಡೆಸಿಕೊಡಬೇಕು.

ಆಮೇಲೆ ಹಳತು ಮೇಲೋ ಹೊಸತು ಮೇಲೋ ಎಂದು ಮನದಣಿಯೆ ಜಗಳವಾಡೋಣ. ಜಗಳಕ್ಕೆ ಆಧಾರವಾಗಿ ಎರಡೂ ಕಣ್ಣ ಮುಂದಿರಬೇಕು, ಅಷ್ಟೆ.